ಇತರೆ ವೆಚ್ಚ

ಮಾರ್ಚ್ ಇಪ್ಪತ್ತೊಂಬತ್ತು. ಇನ್ನೆರಡೇ ದಿನ.
ಖರ್ಚಾಗದ ದುಡ್ಡು ಬಂದ ದಾರಿಯಲ್ಲೇ ವಾಪಸು,
ಖರ್ಚಾದದ್ದಕ್ಕೆ ರಸೀದಿ ಬೇಕು.
ನನ್ನ ಮೇಜಿನ ಮೇಲೆ ನದಿಯ ಕಡತ:
ತುಂಗಭದ್ರೆಯ ಮೀನು ಮತ್ತು ದಂಡೆಯ ಜನ,
ಎರಡು ರಾಜ್ಯಗಳ ಜಂಟಿ ಅಧ್ಯಯನ.
ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಡಜನ್ನಿನ ಲೆಕ್ಕದಲ್ಲಿ ತಂದ
ಹಸಿರು ಟ್ಯಾಗಿನಲ್ಲಿ ಬಿಗಿದು ಕಟ್ಟಿದ್ದೇನೆ, ಸೋರದ ಹಾಗೆ.

ಮೊದಲ ವೋಚರು ಕೂಡ್ಲಿಯ ಗುತ್ಯಪ್ಪನದು.
ತೆಪ್ಪದ ಬಾಡಿಗೆ, ಹನ್ನೊಂದು ದಿನ, ದಿನಕ್ಕೆ ಆರುನೂರು.
ಜಿಎಸ್‌ಟಿ ಸಂಖ್ಯೆ ಎಂಬಲ್ಲಿ
ಮನೆದೇವರ ಹೆಸರು ಬರೆಸಿದ್ದಾನೆ.
ರೆವಿನ್ಯೂ ಸ್ಟಾಂಪಿನ ಮೇಲೆ ಹೆಬ್ಬೆಟ್ಟು,
ಹೆಬ್ಬೆಟ್ಟಿನ ಪಕ್ಕ ಒಣಗಿದ ಮೀನಿನ ಹುರುಪೆ ಒಂದು.
ಉಗುರಿಂದ ಕೆರೆದೆ. ಬರಲಿಲ್ಲ.
ಹಾಗೇ ಪಾಸು ಮಾಡಿದೆ.

ಎದುರು ಕುರ್ಚಿಯಲ್ಲಿ ಶೋಧಾರ್ಥಿ ಮೆಹರುನ್ನೀಸಾ.
ಏಳು ತಿಂಗಳಿಂದ ಫೆಲೋಶಿಪ್ಪು ಬಂದಿಲ್ಲ ಅವಳಿಗೆ.
ಅದರ ಕಡತ ಮೇಲಿದೆ. ನೀರಾದರೆ
ಮೇಲಿಂದ ಕೆಳಕ್ಕೆ ತಾನೇ ಬರುತ್ತದೆ; ದುಡ್ಡಿಗೆ ಹೇಳಬೇಕು.
ಅವಳು ಬಂದದ್ದು ಬೇರೆಯದಕ್ಕೆ.
'ಮೇಡಂ, ನಾನೂರ ಹದಿನೇಳು ಸಿಕ್ಕಿದೆ!'

ಅದು ಬಾಳೆಮೀನು.
ಹೋದ ಜೂನಿನಲ್ಲಿ, ತುಂಗೆಗೆ ಭದ್ರೆ ಕೂಡುವಲ್ಲಿ,
ಗುತ್ಯಪ್ಪ ಒದ್ದೆ ಗೋಣಿಯಲ್ಲಿ ಮಡಿಲಿಗೆ ಹಾಕಿಕೊಂಡು
ಕೂಸಿಗೆ ಕಿವಿ ಚುಚ್ಚಿಸುವವನ ಹಾಗೆ ಮುಖ ಆಚೆ ತಿರುಗಿಸಿದಾಗ
ಇವಳು ಬೆನ್ನಿನ ರೆಕ್ಕೆಯ ಬುಡಕ್ಕೆ ಹಳದಿ ಟ್ಯಾಗು ಪೋಣಿಸಿದ್ದಳು.
ಸಿಕ್ಕವರು ತಿಳಿಸಿದರೆ ಇನ್ನೂರು ರೂಪಾಯಿ ಎಂದು
ದಂಡೆಯುದ್ದಕ್ಕೂ ಚೀಟಿ ಹಂಚಿದ್ದಳು, ಎರಡು ಭಾಷೆಯಲ್ಲಿ.

ಆಮೇಲೆ ಮಳೆ.
ಹೊಸಪೇಟೆಯಲ್ಲಿ ಗೇಟು ಎತ್ತಿದ ಯಾವುದೋ ರಾತ್ರಿ
ನಾನೂರ ಹದಿನೇಳು ಹೊರಟೇ ಹೋಯಿತು,
ಚೆಕ್‌ಪೋಸ್ಟು, ಸ್ವಾಗತದ ಕಮಾನು, ಟಿಎಂಸಿ ಜಗಳ
ಎಲ್ಲದರ ಅಡಿಯಿಂದ.

ಕರ್ನೂಲಿನ ಈಚೆ ಒಂದು ಮಡು. ಉರುಕುಂದಪ್ಪನ ಬಲೆ.
ಅವನ ಫೋನನ್ನು ಸ್ಪೀಕರಿಗೆ ಹಾಕಿದಳು.
'ವಾಲುಗ ದೊರಿಕಿಂದಮ್ಮಾ' ಅಂದ.
ತೆಲುಗು ಬಾರದ ನನಗೂ ತಿಳಿಯಿತು:
ನಮ್ಮ ಬಾಳೆ ಅಲ್ಲಿ ವಾಲುಗ,
ದೊರಕುವುದು ಮಾತ್ರ ಎರಡೂ ಕಡೆ ದೊರಕುವುದೇ.
ಉದ್ದ? ಎರಡು ಮೊಳ, ಮೇಲೆ ನಾಲ್ಕು ಬೆರಳು.
ಯಾರ ಮೊಳ ಎಂದು ಕೇಳಿದಳು ಇವಳು.
ಮೊಮ್ಮಗಳ ಸ್ಕೂಲು ಸ್ಕೇಲು ತಂದು
ಮುದುಕ ತನ್ನ ಮೊಣಕೈ ಅಳೆಯುವ ಸದ್ದು, ನಗು,
ಹಿಂದೆ ಒಂದು ಮೇಕೆ.
ಮೀನು? ತಿಂದಾಯಿತಂತೆ, ನಾಲ್ಕು ಮನೆ ಸೇರಿ.
ಅಂಕಣ ಒಂಬತ್ತರಲ್ಲಿ ಬರೆದುಕೊಂಡಳು: 'ಸ್ಥಿತಿ, ಉತ್ತಮ.'

ಇನ್ನು ಇನ್ನೂರರ ಪ್ರಶ್ನೆ.
ಮಧ್ಯಾಹ್ನದೊಳಗೆ ಟಿಪ್ಪಣಿ ಹಸಿರು ಶಾಯಿ ಹೊತ್ತು ಬಂತು:
ಹಣ ಪಡೆಯುವವರು ಅನ್ಯರಾಜ್ಯದವರು. ಪ್ಯಾನ್ ಇಲ್ಲ.
ಅಲ್ಲಿನ ಸಂಸ್ಥೆ ಒಡಂಬಡಿಕೆಗೆ ಇನ್ನೂ ಸಹಿ ಹಾಕಿಲ್ಲ.
ಮೀನು ಯೋಜನಾ ವ್ಯಾಪ್ತಿ ಮೀರಿದ್ದಕ್ಕೆ ಕಾರಣ ವಿವರಿಸಿ.

ವಿವರಿಸಿದೆ: 'ನೀರು.'
ಹತ್ತೊಂಬತ್ತು ವರ್ಷದ ನೌಕರಿ ನೆನಪಾಯಿತು.
ಹೊಡೆದು ಹಾಕಿ, 'ಮುಂಗಾರಿನ ಅಧಿಕ ಒಳಹರಿವಿನ ನಿಮಿತ್ತ' ಎಂದೆ.
ಅದೂ ಸಾಲಲಿಲ್ಲ.

ಮೂವತ್ತೊಂದರ ಸಂಜೆ ಇನ್ನೂರು ರೂಪಾಯಿ
ಬಂದ ದಾರಿಯಲ್ಲೇ ವಾಪಸು ಹೋಯಿತು,
ಹೊಳೆಯಲ್ಲಿ ಯಾವುದೂ ಹೋಗದ ದಿಕ್ಕಿಗೆ.
ಮೆಹರುನ್ನೀಸಾ ಆಗಲೇ ತನ್ನ ಫೋನಿನಿಂದ
ಆ ಮೊಮ್ಮಗಳ ಅಪ್ಪನ ನಂಬರಿಗೆ ಕಳಿಸಿಬಿಟ್ಟಿದ್ದಳು.
ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಏಪ್ರಿಲ್ ಆರು. ಒಂದು ಲಕೋಟೆ,
ವಿಳಾಸ ತೆಲುಗಿನಲ್ಲಿ, ಅದರ ಕೆಳಗೆ ಯಾರೋ ಅಂಚೆಯವರ ಕನ್ನಡ.
ಒಡೆದರೆ ಇಡೀ ಲೆಕ್ಕಪತ್ರ ವಿಭಾಗಕ್ಕೆ ಮೀನಿನ ವಾಸನೆ.
ಎದುರು ಮೇಜಿನ ಶೇಷಗಿರಿ ಮೂಗು ಮುಚ್ಚಿಕೊಂಡು ಫ್ಯಾನು ಜೋರು ಮಾಡಿದ.
ಹಳದಿ ಟ್ಯಾಗು. ೦೪೧೭.
ಕೇಳದೆಯೇ ಕಳಿಸಿದ ರಸೀದಿ.

ಆವಕ ವಹಿ ತೆಗೆದೆ, ಸಾಲು ಎಳೆದೆ.
ಎಲ್ಲಿಂದ: ಕೆಳದಂಡೆಯಿಂದ.
ವಿಷಯ: ಬಾಳೆ.
ಲಗತ್ತು: ಒಂದು.
ಹಸಿರು ಟ್ಯಾಗು ಬಿಚ್ಚಿ, ಅದರ ತುದಿಯನ್ನು
ಹಳದಿಯದರ ತೂತಿನಲ್ಲಿ ತೂರಿಸಿ ಗಂಟು ಹಾಕುತ್ತಿದ್ದೆ,
ಶೇಷಗಿರಿ ಕೇಳಿದ, 'ಯಾವ ಹೆಡ್ಡಿಗೆ ಹಾಕ್ತೀರಿ ಅದನ್ನ?'